ನದಿಗೆ ಬಿಟ್ಟದ್ದನ್ನು ಎತ್ತಿಕೊಂಡ ಸೀಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಾಚಾಯ್ ಮೀನು ಮಾರುಕಟ್ಟೆಯಿಂದ ಐಸ್ ಗಾಡಿಗಳು ರಸ್ತೆಯುದ್ದಕ್ಕೂ ನೀರು ಸುರಿಸುತ್ತ ಹೊರಟಿವೆ. ವಲಸೆ ಕಚೇರಿಯ ಎದುರಿಗಿರುವ ಜೆರಾಕ್ಸ್ ಅಂಗಡಿಯ ಷಟರು ಅರ್ಧಕ್ಕೆ ಎದ್ದಿದೆ. ಅದರ ಕೆಳಗೆ ಮಿ ಚಾನ್ ಥಾವ್ ಕುಕ್ಕುರುಗಾಲಲ್ಲಿ ಕೂತು ಪಾಸ್‌ಪೋರ್ಟು ಒಣಗಿಸುತ್ತಿದ್ದಾರೆ. ಒಂದೊಂದೇ ಹಾಳೆಯನ್ನು ಹಳೇ ಹತ್ತಿ ಬಟ್ಟೆಯಲ್ಲಿ ಒತ್ತುತ್ತಾರೆ, ಬೆರಳ ತುದಿಯಲ್ಲಿ ಚಿಟಿಕೆ ಪುಡಿ ತೆಗೆದು ನಡುವೆ ಉದುರಿಸುತ್ತಾರೆ, ಮುಂದಿನ ಹಾಳೆಗೆ ಹೋಗುತ್ತಾರೆ. ಆ ಪುಡಿ ತನಖಾ. ಬರ್ಮಾದ ಹೆಂಗಸರು ಮರದ ತೊಗಟೆ ತೇದು ಕೆನ್ನೆಗೆ ಹಚ್ಚಿಕೊಳ್ಳುವುದು ಇದನ್ನೇ. ಪಾಸ್‌ಪೋರ್ಟಿಗೂ ಹಚ್ಚಬಹುದು ಎಂದು ಕಂಡುಕೊಂಡವರು ಇವರೊಬ್ಬರೇ ಇರಬೇಕು.

ಸೀಗಡಿ ಸುಲಿಯುವವರ ಪಾಸ್‌ಪೋರ್ಟು ಯಾವತ್ತೂ ಒದ್ದೆ. ಅದನ್ನು ಕೋಣೆಯಲ್ಲಿ ಬಿಟ್ಟು ಬರಲು ಯಾರಿಗೂ ಧೈರ್ಯವಿಲ್ಲ. ಹೀಗಾಗಿ ರಬ್ಬರ್ ಏಪ್ರನ್ನಿನ ಒಳಗೆ, ಸೊಂಟಕ್ಕೆ ಕಟ್ಟಿಕೊಂಡೇ ದುಡಿಯುತ್ತಾರೆ. ಐಸ್ ನೀರು, ಬೆವರು, ಮೀನಿನ ಲೋಳೆ ಎಲ್ಲ ಕುಡಿದು ಅದು ಹಪ್ಪಳದಂತೆ ಸೊಟ್ಟಗಾಗಿರುತ್ತದೆ.

"ಹಾಳೆಗೆ ಹಾಳೆ ಅಂಟ್ಕೊಂಡ್ರೆ ಒಳಗಿರೋ ಸೀಲು ಸತ್ತಂಗೆ. ಎಳೆದ್ರೆ ಅರ್ಧ ಈ ಕಡೆ, ಅರ್ಧ ಆ ಕಡೆ. ಮಗು ತಲೆ ಒರೆಸೋ ಹಂಗೆ ಒರೆಸ್ಬೇಕು, ಮೆಲ್ಲಗೆ" ಎನ್ನುತ್ತಾರೆ ಅವರು, ತಲೆ ಎತ್ತದೆ.

ಇವರ ನಿಜವಾದ ಹೆಸರು ಹೇಳಿ ಕೇಳಿದರೆ ಈ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸೀಲಕ್ಕ ಎಂದರೆ ಐಸ್ ಗಾಡಿಯವನೂ ಬೆರಳು ತೋರಿಸುತ್ತಾನೆ.

ಥಾಯ್ಲೆಂಡಿನ ಈ ಬಂದರೂರಿನಲ್ಲಿ ಮೀನು ಕೊಯ್ಯುವವರು, ಸೀಗಡಿ ಸುಲಿಯುವವರು, ಡಬ್ಬಿ ತುಂಬುವವರು ಬಹುಪಾಲು ಬರ್ಮಾದಿಂದ ಬಂದ ಮೋನ್ ಜನ. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಾಗ ಅವರು ಒಂದು ದಿನ ರಜೆ ಹಾಕಿ ಬ್ಯಾಂಕಾಕಿಗೆ ಹೋಗುತ್ತಾರೆ, ತಮ್ಮ ದೇಶದ ದೂತಾವಾಸದಿಂದ ಹೊಸದು ತರುತ್ತಾರೆ. ಹಳೆಯದು ರದ್ದಾಯಿತೆಂದು ದೂತಾವಾಸದವರು ಅದರ ಒಂದು ಮೂಲೆಯನ್ನು ಕತ್ತರಿಸಿ ವಾಪಸು ಕೊಡುತ್ತಾರೆ. ಹೊಸದು ಗರಿಗರಿಯಾಗಿರುತ್ತದೆ, ಫೋಟೋದಲ್ಲಿ ಮುಖ ತುಂಬಿಕೊಂಡಿರುತ್ತದೆ. ಆದರೆ ಒಳಗೆ ಏನೂ ಇಲ್ಲ. ಈ ದೇಶಕ್ಕೆ ಬಂದ ಮುದ್ರೆ, ಇರಬಹುದು ಎಂಬ ಮುದ್ರೆ, ಊರಿಗೆ ಹೋಗಿ ವಾಪಸು ಬರಬಹುದು ಎಂಬ ಮುದ್ರೆ, ಎಲ್ಲವೂ ಮೂಲೆ ಹೋದ ಹಳೆಯದರಲ್ಲೇ ಉಳಿದಿರುತ್ತವೆ. ಎರಡನ್ನೂ ಒಟ್ಟಿಗೆ ತಂದು ಕಚೇರಿಯ ಕಿಟಕಿಯಲ್ಲಿ ಕೊಟ್ಟು, ಹಳೆಯದರ ಮುದ್ರೆಗಳನ್ನು ಹೊಸದಕ್ಕೆ ಹಾಕಿಸಿಕೊಳ್ಳಬೇಕು. ಅದಾಗುವವರೆಗೆ ಹೊಸದು ಕೈಯಲ್ಲಿದ್ದರೂ ಇಲ್ಲದ ಹಾಗೆ.

ಇದನ್ನು ಹೊಸಬರಿಗೆ ತಿಳಿಸಿ ಹೇಳಲು ಸೀಲಕ್ಕನ ಬಳಿ ಒಂದೇ ಮಾತಿದೆ: "ಹಳೇದು ಅಮ್ಮ, ಹೊಸದು ಮಗಳು. ಮಗಳನ್ನ ಗಂಡನ ಮನೆಗೆ ಬಿಡೋಕೆ ಅಮ್ಮ ಜತೇಲಿ ಹೋಗ್ಬೇಕಾ, ಬೇಡ್ವಾ?" ಎಲ್ಲರೂ ಹೋಗಬೇಕು ಎನ್ನುತ್ತಾರೆ. ಆಗ ಅವರು ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ.

ಅಂಗಡಿ ಜೆ ಮುಯ್ ಎಂಬ ಥಾಯಿ ಹೆಂಗಸಿನದು. ಸೀಲಕ್ಕ ಕಾಗದಪತ್ರದ ಪ್ರಕಾರ ಇಲ್ಲಿ ಗುಡಿಸುವ, ಟೀ ಮಾಡುವ ಆಳು. ಗುಡಿಸುವುದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಟೀ ಒಲೆಯ ಮೇಲೆ ತಾನಾಗಿಯೇ ಕುದಿಯುತ್ತದೆ. ಮಿಕ್ಕ ಹೊತ್ತೆಲ್ಲ ಅರ್ಜಿ ತುಂಬುವುದು, ಫೋಟೋ ಅಂಟಿಸುವುದು, ಯಾವ ಪುಟದ ನಕಲು ಬೇಕು ಎಂದು ತೋರಿಸುವುದು, ಭಾಷೆ ಬಾರದವರ ಜತೆ ಕಿಟಕಿಯವರೆಗೆ ಹೋಗುವುದು. ದಿನಕ್ಕೆ ಹತ್ತು ಹನ್ನೆರಡು ಜನ, ತಿಂಗಳ ಕೊನೆಯಲ್ಲಿ ಇಪ್ಪತ್ತೂ ಮೀರುತ್ತದೆ. ಕೊಟ್ಟವರು ಕೊಟ್ಟಷ್ಟು. ಕೊಡದವರು ಒಂದು ಹಿಡಿ ಒಣ ಮೀನು ಇಟ್ಟು ಹೋಗುತ್ತಾರೆ.

"ಇವಳನ್ನ ಕೆಲಸಕ್ಕಿಟ್ಕೊಂಡು ನನ್ನ ಅಂಗಡಿ ಧರ್ಮಛತ್ರ ಆಗಿದೆ" ಎಂದು ಜೆ ಮುಯ್ ದಿನಕ್ಕೊಮ್ಮೆಯಾದರೂ ಅನ್ನುತ್ತಾರೆ.

"ಛತ್ರಕ್ಕೆ ಜನ ಬರ್ತಿರೋದ್ರಿಂದ್ಲೇ ನಿನ್ನ ಜೆರಾಕ್ಸ್ ಮಿಷಿನ್ನು ತಿರುಗ್ತಿರೋದು ಕಣಮ್ಮ" ಎಂದು ಸೀಲಕ್ಕ ಒಲೆಯ ಕಡೆಯಿಂದಲೇ ಅನ್ನುತ್ತಾರೆ.

ಬರ್ಮಾದ ಮುದೋನ್ ಕಡೆಯ ಹಳ್ಳಿಯಿಂದ ಬಂದಾಗ ಅವರಿಗೆ ಹತ್ತೊಂಬತ್ತು. ಈಗ ಐವತ್ತು ದಾಟಿದೆ. ಮೊದಲು ಸೀಗಡಿ ಶೆಡ್ಡು. ಬೆಳಗಿನ ಜಾವದಿಂದ ಐಸಿನಲ್ಲಿ ಕೈ ಅದ್ದಿ ಅದ್ದಿ ಬೆರಳುಗಳ ಚರ್ಮ ಇವತ್ತಿಗೂ ತೊಳೆದಿಟ್ಟ ಅಕ್ಕಿಯ ಹಾಗೆ ಬಿಳಿಚಿಕೊಂಡಿದೆ. ಗಂಡ ಮೀನಿನ ದೋಣಿಗೆ ಹೋದವರು ಒಂದು ಸಲ ವಾಪಸು ಬರಲಿಲ್ಲ. ದೋಣಿ ಬಂತು, ಅವರು ಬರಲಿಲ್ಲ. ಮಕ್ಕಳಿಲ್ಲ. ಇದಿಷ್ಟನ್ನು ಅವರು ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿ ಮುಗಿಸುತ್ತಾರೆ.

ಆದರೆ ಶೆಡ್ಡಿನ ಗೆಳತಿ ಖಿನ್ ಮಿಯ ವಿಷಯ ಬಂದರೆ ಅವರ ಕೈ ನಿಲ್ಲುತ್ತದೆ. ಖಿನ್ ಮಿ ತಂಗಿಯ ಮದುವೆಗೆ ಊರಿಗೆ ಹೋದಳು, ಹೊಸ ಪಾಸ್‌ಪೋರ್ಟು ಹಿಡಿದುಕೊಂಡು. ಮುದ್ರೆ ಹಾಕಿಸಿಕೊಳ್ಳಬೇಕು ಎಂದು ಯಾರೂ ಹೇಳಿರಲಿಲ್ಲ. ಹೋಗುವಾಗ ಯಾರೂ ತಡೆಯಲಿಲ್ಲ, ಬರುವಾಗ ಗಡಿಯ ಸೇತುವೆಯಲ್ಲಿ ಬಿಡಲಿಲ್ಲ. ಗಂಡ, ಹಾಲು ಕುಡಿಯುವ ಕೂಸು ಈ ಕಡೆ. ಅವಳು ಆ ಕಡೆ. ಸೀಲಕ್ಕ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿ ಹೊಳೆಯ ಈ ದಡಕ್ಕೆ ಹೋಗಿದ್ದರು. ಆ ದಡದಲ್ಲಿ ಖಿನ್ ಮಿ ಕೆಂಪು ಛತ್ರಿ ಅಲ್ಲಾಡಿಸುತ್ತ ನಿಂತಿದ್ದಳು. ನೀರು ಮಂಡಿಯವರೆಗೂ ಇರಲಿಲ್ಲ.

"ಅವತ್ತೇ ಅನ್ಕೊಂಡೆ. ಅಷ್ಟು ಚಿಕ್ಕ ಹೊಳೆ ದಾಟೋಕೆ ಏನು ಬೇಕು ಅಂತ ತಿಳ್ಕೋಬೇಕು, ತಿಳಿದೋರು ತಿಳೀದೋರಿಗೆ ಹೇಳ್ಬೇಕು" ಎನ್ನುತ್ತಾರೆ. ಥಾಯಿ ಅಕ್ಷರ ಕಲಿತದ್ದು ಔಷಧಿ ಡಬ್ಬಿ, ಬಸ್ಸಿನ ಬೋರ್ಡು, ದೇವಸ್ಥಾನದ ಗೋಡೆ ಓದಿ. ಓದಲು ಬಂದ ದಿನದಿಂದ ಶೆಡ್ಡಿನವರೆಲ್ಲ ಅವರ ಬಳಿಗೇ ಬರತೊಡಗಿದರು.

ಈ ಸೋಮವಾರ ಬಂದವಳು ಎಯ್ ಮೋನ್.

ಮೂವತ್ತರ ಆಸುಪಾಸಿನ ಹೆಂಗಸು, ಸ್ಕ್ವಿಡ್ ಮೀನು ತೊಳೆಯುವ ಕಾರ್ಖಾನೆಯಲ್ಲಿ ಕೆಲಸ. ಮಗ ಮಿನ್ ಲ್ವಿನ್‌ಗೆ ಹತ್ತು ವರ್ಷ. ಎರಡು ವರ್ಷದ ಕೂಸಾಗಿದ್ದಾಗ ಅಜ್ಜಿಯ ಬಳಿ ಬಿಟ್ಟು ಬಂದಳು. ಈ ಹುಣ್ಣಿಮೆಗೆ ಹಳ್ಳಿಯ ಹುಡುಗರಿಗೆಲ್ಲ ಒಟ್ಟಿಗೆ ದೀಕ್ಷೆ. ಮೋನ್ ಮನೆಯಲ್ಲಿ ಗಂಡುಮಗ ಹುಟ್ಟಿದಾಗಿನಿಂದ ತಾಯಿ ಕಾಯುವುದು ಈ ದಿನಕ್ಕೆ. ಹುಡುಗನನ್ನು ರಾಜಕುಮಾರನಂತೆ ಸಿಂಗರಿಸಿ ಮೆರವಣಿಗೆ ಮಾಡಿ, ವಿಹಾರದಲ್ಲಿ ತಲೆ ಬೋಳಿಸಿ ಕಾವಿ ಉಡಿಸುತ್ತಾರೆ. ಕೆಲವು ವಾರ ಅವನು ಮರಿಭಿಕ್ಷು. ತಲೆ ಬೋಳಿಸುವಾಗ ಕೂದಲು ನೆಲಕ್ಕೆ ಬೀಳಬಾರದು. ಬಿಳಿ ಬಟ್ಟೆ ಹಿಡಿದು ಅದರಲ್ಲಿ ಬೀಳಿಸಿಕೊಳ್ಳಬೇಕು. ಬಟ್ಟೆಯ ಒಂದು ತುದಿ ತಾಯಿಯ ಕೈಯಲ್ಲಿರಬೇಕು. ಎಯ್ ಮೋನ್ ಬಟ್ಟೆ ಕೊಂಡು ಒಗೆದು ಮಡಿಸಿಟ್ಟಿದ್ದಾಳೆ. ಗಡಿಗೆ ಹೋಗುವ ವ್ಯಾನಿನಲ್ಲಿ ಬುಧವಾರ ಸಂಜೆಗೆ ಸೀಟು ಹಿಡಿದಿದ್ದಾಳೆ.

ಕಾರ್ಖಾನೆಯವರು ವಾರದ ರಜೆ ಕೊಟ್ಟಿದ್ದಾರೆ. ವಾಪಸು ಬರಲಾಗದಿದ್ದರೆ ಕೆಲಸ ಹೋಯಿತು, ಅಜ್ಜಿಯ ಔಷಧಿಯೂ ಮಗನ ಶಾಲೆಯೂ ನಿಂತವು. ಹೋಗದಿದ್ದರೆ ಬಟ್ಟೆಯ ತುದಿಯನ್ನು ನಾದಿನಿ ಹಿಡಿಯುತ್ತಾಳೆ.

ಅವಳು ಹೊಸ ಪಾಸ್‌ಪೋರ್ಟನ್ನು ಮೇಜಿನ ಮೇಲಿಡುತ್ತಾಳೆ.

"ಎಲ್ಲಿ ಹಳೇದು?" ಸೀಲಕ್ಕ ಕೈ ಚಾಚುತ್ತಾರೆ.

"ಹೊಸದು ಇದೆಯಲ್ಲಕ್ಕ."

"ಹೊಸದು ನಂಗೂ ಕಾಣ್ತಿದೆ ತಾಯಿ. ಹಳೇದು ಕೇಳ್ದೆ."

"ಅದು ಇಲ್ಲ."

"ಕಳೆದೋಯ್ತಾ?"

"ಇಲ್ಲ."

"ಯಾರಾದ್ರೂ ಕಿತ್ಕೊಂಡ್ರಾ?"

"ಇಲ್ಲಕ್ಕ. ನಾನೇ ನದಿಗೆ ಬಿಟ್ಟೆ."

ಮಳೆಗಾಲವಿಡೀ ಮಗನಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಹಿಂದೆ ಎರಡು ಸಲ ಊರಿಗೆ ಹೊರಟು ಎರಡು ಸಲವೂ ತಪ್ಪಿತ್ತು. ಮಾರುಕಟ್ಟೆಯ ಹಿಂದೆ ಕೂರುವ ಜೋಯಿಸನನ್ನು ಕೇಳಿದಳು. ನೀನು ಶನಿವಾರ ಹುಟ್ಟಿದವಳು, ಮನೆಯಲ್ಲಿ ತುಂಡಾದ ವಸ್ತು ಇದೆ, ಶನಿವಾರ ಸಂಜೆ ಹರಿಯುವ ನೀರಿಗೆ ಬಿಡು, ಕೆಟ್ಟದ್ದು ಅದರ ಜತೆ ಹೋಗುತ್ತದೆ ಎಂದ ಅವನು. ಯಾವ ವಸ್ತು ಎಂದು ಹೇಳಲಿಲ್ಲ. ಅವಳು ಕೋಣೆಯನ್ನೆಲ್ಲ ಹುಡುಕಿದಳು. ಹಲ್ಲು ಮುರಿದ ಬಾಚಣಿಗೆ ಸಿಕ್ಕಿತು, ಒಡೆದ ಕನ್ನಡಿ ಸಿಕ್ಕಿತು. ಆಮೇಲೆ ದಿಂಬಿನ ಕೆಳಗೆ ಮೂಲೆ ಕತ್ತರಿಸಿದ ಪಾಸ್‌ಪೋರ್ಟು ಕಣ್ಣಿಗೆ ಬಿತ್ತು. ಬಾಳೆ ದಿಂಡಿನ ತೆಪ್ಪ ಕಟ್ಟಿ, ವೀಳ್ಯದೆಲೆ ಬೆಲ್ಲ ಇಟ್ಟು, ಮೇಣದ ಬತ್ತಿ ಹಚ್ಚಿ, ಮೂರನ್ನೂ ತೇಲಿಬಿಟ್ಟಳು.

"ಏನಂತೆ? ಏನಂತೆ?" ಮೋನ್ ಭಾಷೆ ಬಾರದ ಜೆ ಮುಯ್ ಪೀಡಿಸುತ್ತಾರೆ. ಸೀಲಕ್ಕ ಹೇಳುತ್ತಾರೆ. ಜೆ ಮುಯ್ ಕಾಫಿ ಲೋಟ ಕೆಳಗಿಟ್ಟು ಹಣೆ ಚಚ್ಚಿಕೊಳ್ಳುತ್ತಾರೆ. "ಜನ ಮೀನಿಗೆ ಬ್ರೆಡ್ ಹಾಕ್ತಾರೆ. ಇವಳು ವೀಸಾ ಹಾಕಿದಾಳೆ!"

ಸಾಲಿನಲ್ಲಿದ್ದ ಹೆಂಗಸರು ನಗುತ್ತಾರೆ. ಎಯ್ ಮೋನ್ ನಗುವುದಿಲ್ಲ. ಏನಾಗಿದೆ ಎಂದು ಅವಳಿಗೆ ಈಗಷ್ಟೇ ಅರ್ಥವಾಗುತ್ತಿದೆ. "ಅದು ಸತ್ತೋಗಿದೆ ಅನ್ಕೊಂಡಿದ್ದೆ ಅಕ್ಕ. ಮೂಲೆ ಕತ್ತರಿಸಿದ್ರಲ್ಲ."

ಬೀದಿಯ ದಲ್ಲಾಳಿ ಕೋ ತೇಯ್ನ್ ಮೋಟಾರ್ ಸೈಕಲ್ಲಿನ ಮೇಲೆ ಕೂತೇ ಎಲ್ಲ ಕೇಳಿಸಿಕೊಂಡಿದ್ದಾನೆ. "ಇದಕ್ಯಾಕೆ ತಲೆ ಬಿಸಿ? ಕಳ್ಳತನ ಆಯ್ತು ಅಂತ ಪೊಲೀಸ್ ಠಾಣೇಲಿ ಬರೆಸು. ಸಂಜೆಗೆ ಕಾಗದ ನಿನ್ನ ಕೈಲಿರತ್ತೆ, ನಾನು ಮಾಡಿಸ್ಕೊಡ್ತೀನಿ."

"ಕಳ್ಳ ಯಾರು?" ಎನ್ನುತ್ತಾರೆ ಸೀಲಕ್ಕ.

"ಯಾರೋ ಒಬ್ಬ."

"ಅವಳ ಕೋಣೇಲಿ ಆರು ಜನ ಹುಡುಗೀರು ಮಲಗ್ತಾರೆ. ಕಳ್ಳನ್ನ ಹುಡುಕ್ಕೊಂಡು ಪೊಲೀಸ್ನೋರು ಮೊದಲು ಯಾರ ಹತ್ರ ಹೋಗ್ತಾರೆ? ನಿನ್ನ ಹತ್ರಾನಾ?"

ಕೋ ತೇಯ್ನ್ ಗಾಡಿ ಚಾಲೂ ಮಾಡುತ್ತಾನೆ. "ನೀವುಂಟು, ನಿಮ್ಮ ನಿಯತ್ತುಂಟು."

ಹೀಗೆ ಕಳ್ಳತನ ಎಂದು ಬರೆಸಿದ ಒಬ್ಬನ ಜತೆಗಾರ, ಏನೂ ತಿಳಿಯದವನು, ಕೆಲವು ದಿನ ಠಾಣೆಯಲ್ಲಿ ಕೂತು ಬಂದದ್ದನ್ನು ಸೀಲಕ್ಕ ಕಂಡಿದ್ದಾರೆ. ಅವತ್ತಿನಿಂದ ಅವರ ಮೇಜಿನ ಬಳಿ ಆ ಮಾತಿಗೆ ಜಾಗವಿಲ್ಲ. ಕಳೆದಿದೆ ಎಂದು ಬರೆಸಬಹುದಿತ್ತಲ್ಲ ಎಂದರೆ, "ಬರೆಸಬಹುದು. ಆದ್ರೆ ಹಳೇ ದಾಖಲೆ ತೆಗ್ಸಿ ನೋಡೋಕೆ ವಾರ ಹಿಡಿಯತ್ತೆ. ಹುಣ್ಣಿಮೆ ವಾರ ಕಾಯಲ್ಲ" ಎನ್ನುತ್ತಾರೆ.

ಅವರು ಎಯ್ ಮೋನ್ ಕಡೆ ತಿರುಗಿ ಬೇರೆಯದೇ ಪ್ರಶ್ನೆ ಕೇಳುತ್ತಾರೆ. "ನೀನು ಬಿಟ್ಟಾಗ ಕಟ್ಟೆಯ ಕೆಳಗಿನ ಮೆಟ್ಟಿಲು ಕಾಣ್ತಿತ್ತಾ, ಮುಳುಗಿತ್ತಾ?"

"ಮುಳುಗ್ತಾ ಇತ್ತು."

"ಹಂಗಾದ್ರೆ ಅದು ಸಮುದ್ರಕ್ಕೆ ಹೋಗಿಲ್ಲ ಕಣೇ. ನೀರು ಏರೋ ಹೊತ್ತಲ್ಲಿ ಬಿಟ್ಟಿದೀಯ. ಊರೊಳಕ್ಕೇ ಹೋಗಿದೆ."

ತಾ ಚಿನ್ ನದಿ ಇಲ್ಲಿ ಸಮುದ್ರ ಸೇರುವ ಮುನ್ನ ದಿನವೂ ಮನಸ್ಸು ಬದಲಾಯಿಸುತ್ತದೆ. ಇಳಿತದಲ್ಲಿ ಮುಂದೆ ಹರಿಯುತ್ತದೆ, ಭರತದಲ್ಲಿ ಹಿಂದೆ. ದಡದಲ್ಲಿ ಬಾಳಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಆದರೆ ಎಯ್ ಮೋನ್ ಕಾರ್ಖಾನೆ ಮತ್ತು ಕೋಣೆಯ ನಡುವೆ ಬಾಳಿದವಳು, ನದಿಯ ಕಡೆ ನಿಂತು ನೋಡಲು ಅವಳಿಗೆ ಹೊತ್ತಿರಲಿಲ್ಲ.

"ಒದ್ದೆಯಾಗಿ ಹೋಗಿರತ್ತೆ ಬಿಡಕ್ಕ" ಎನ್ನುತ್ತಾರೆ ಸಾಲಿನಲ್ಲಿದ್ದ ಒಬ್ಬರು.

"ಇಲ್ಲ" ಎನ್ನುತ್ತಾಳೆ ಎಯ್ ಮೋನ್, ತಗ್ಗಿದ ದನಿಯಲ್ಲಿ. "ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಟೇಪು ಸುತ್ತಿ ಬಿಟ್ಟೆ. ಎಂಟು ವರ್ಷ ನನ್ನ ಸೊಂಟದಲ್ಲಿತ್ತು. ನೀರಿಗೆ ಹಾಗೇ ಹಾಕೋಕೆ ಮನಸ್ಸು ಬರ್ಲಿಲ್ಲ."

ಮಧ್ಯಾಹ್ನ ಅಂಗಡಿಯನ್ನು ಜೆ ಮುಯ್‌ಗೆ ಒಪ್ಪಿಸಿ ಸೀಲಕ್ಕ ಎಯ್ ಮೋನ್ ಜತೆ ಹೊರಡುತ್ತಾರೆ. "ಟೀ ಯಾರು ಮಾಡ್ತಾರೆ?" ಎಂದು ಜೆ ಮುಯ್ ಕೂಗಿದ್ದಕ್ಕೆ, "ಇವತ್ತು ನಿನ್ನ ಕೈ ರುಚಿ ನೋಡ್ಲಿ ಜನ" ಎಂದು ಉತ್ತರ. ಕಟ್ಟೆಯಲ್ಲಿ ಚಿಟ್ ಮಾವನ ಉದ್ದದ ದೋಣಿ ಇದೆ. ಚಿಟ್ ಮಾವ ಇಲ್ಲಿಯವರೇ, ಎಪ್ಪತ್ತರ ಮುದುಕ, ಮೂರು ಹಲ್ಲು ಉಳಿದಿವೆ. ಸೀಲಕ್ಕ ಅವರ ಸೊಸೆಯ ಕಾಗದ ಮಾಡಿಸಿಕೊಟ್ಟವರು; ಸೊಸೆ ಬರ್ಮಾದವಳು.

ಸೋಮವಾರ ಇಡೀ ಮಧ್ಯಾಹ್ನ ನೀರಿನ ಮೇಲೆ ತೇಲುವ ಅಂತರಗಂಗೆಯ ಗೊಂಚಲುಗಳನ್ನು ಕೋಲಿನಿಂದ ಸರಿಸುತ್ತ ಹೋಗುತ್ತಾರೆ. ಚಪ್ಪಲಿ ಸಿಗುತ್ತದೆ, ತೆಂಗಿನ ಚಿಪ್ಪು ಸಿಗುತ್ತದೆ, ಯಾರದೋ ಮನೆಯ ದೇವರ ಗೂಡೊಂದು ಸಿಗುತ್ತದೆ. ತೆಪ್ಪ ಸಿಗುವುದಿಲ್ಲ. ಮಂಗಳವಾರ ಬೆಳಿಗ್ಗೆ ನೀರು ಇಳಿಯತೊಡಗಿದಾಗ ಮತ್ತೆ ಹೊರಡುತ್ತಾರೆ. ನದಿ ಬಳುಕುವ ಕಡೆ ಒಂದು ದೇವಸ್ಥಾನದ ಕಟ್ಟೆ ಇದೆ, ಜನ ಬಂದು ಮೀನಿಗೆ ಆಹಾರ ಹಾಕುವ ಜಾಗ. ಅದರ ಕಂಬಗಳ ನಡುವೆ ಹಸಿರು ಗೊಂಚಲು ಒತ್ತರಿಸಿಕೊಂಡಿದೆ. ಚಿಟ್ ಮಾವ ಕೋಲು ಹಾಕಿ ಎಳೆದರೆ ಬಾಳೆ ದಿಂಡಿನ ತುದಿ ಕಾಣುತ್ತದೆ. ವೀಳ್ಯದೆಲೆ ಕೊಳೆತಿದೆ. ಕನ್ನಡಿ, ಬಾಚಣಿಗೆ ಇಲ್ಲ. ಟೇಪು ಸುತ್ತಿದ ಪ್ಲಾಸ್ಟಿಕ್ ಚೀಲ ದಿಂಡಿನ ಸೀಳಿನಲ್ಲಿ ಸಿಕ್ಕಿಕೊಂಡಿದೆ, ಮೇಲೆ ಮೇಣ ಕರಗಿ ಅಂಟಿದೆ.

"ಸಿಕ್ತು!" ಎಂದು ಚಿಟ್ ಮಾವ ಮೂರು ಹಲ್ಲನ್ನೂ ತೋರಿಸುತ್ತಾರೆ.

ಎಯ್ ಮೋನ್ ದೋಣಿಯ ಆ ತುದಿಗೆ ಸರಿದು ಕೂರುತ್ತಾಳೆ. ಮಂಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಾಳೆ.

"ಬೇಡಕ್ಕ. ತೆಗೀಬೇಡಿ."

"ಎರಡು ದಿನದಿಂದ ಇದನ್ನೇ ತಾನೆ ಹುಡುಕ್ತಿರೋದು?"

"ಸಿಗಲ್ಲ ಅನ್ಕೊಂಡಿದ್ದೆ. ಈಗ ಕಣ್ಮುಂದೆ ನೋಡಿದ್ರೆ ಹೆದರಿಕೆ ಆಗ್ತಿದೆ. ಕಳಿಸಿದ್ದನ್ನ ವಾಪಸ್ ತಂದ್ರೆ ಎರಡರಷ್ಟಾಗಿ ಬರತ್ತಂತೆ. ನಂಗೆ ಬಂದ್ರೆ ಬರ್ಲಿ, ತಡ್ಕೋತೀನಿ. ಮಗನಿಗೆ ಬಂದ್ರೆ? ಅವನ ಕೂದಲು ಬೀಳೋದು ನಾನು ಹಿಡಿದ ಬಟ್ಟೆಗೇ ತಾನೆ? ನಾನು ಹೋಗದೆ ಇದ್ರೂ ಪರವಾಗಿಲ್ಲ, ಅವನು ಚೆನ್ನಾಗಿರ್ಲಿ."

ಚಿಟ್ ಮಾವನಿಗೆ ಮಾತು ಅರ್ಥವಾಗಿಲ್ಲ, ಮುಖ ಅರ್ಥವಾಗಿದೆ. ಮೋಟಾರು ನಿಲ್ಲಿಸುತ್ತಾರೆ. ದೋಣಿ ತನ್ನಷ್ಟಕ್ಕೆ ತೂಗಾಡುತ್ತದೆ.

ಇಂಥ ಕಡೆ ಓದಿದವರು ಮೂಢನಂಬಿಕೆ ಎಂದು ಒಂದು ಮಾತಿನಲ್ಲಿ ತಳ್ಳಿಹಾಕಬಹುದು, ದಲ್ಲಾಳಿಯಾದರೆ ಗದರಬಹುದು. ಸೀಲಕ್ಕ ಎರಡೂ ಮಾಡುವುದಿಲ್ಲ. ಬಾಗಿ, ತೋಳು ಮುಳುಗುವಷ್ಟು ಕೈ ಹಾಕಿ, ಚೀಲವನ್ನು ಬಿಡಿಸಿ ತಮ್ಮ ಮಡಿಲಿಗೆ ಹಾಕಿಕೊಳ್ಳುತ್ತಾರೆ.

"ನೋಡು, ನೀನು ಮುಟ್ಟಿಲ್ಲ. ಕಳಿಸಿದ್ದನ್ನ ನೀನು ವಾಪಸ್ ತರ್ಲಿಲ್ಲ, ನಾನು ತಗೊಂಡೆ. ನದಿಗೆ ಬಿಟ್ಟಿದ್ದು ಎತ್ಕೊಂಡೋರ್ದು. ಇನ್ಮೇಲೆ ಇದು ನಂದು. ಇದರ ಜತೆ ಏನೇನು ಬಂದಿದೆಯೋ ಅದೂ ನಂದೇ."

"ಅಕ್ಕ, ನಿಮಗೇನಾದ್ರೂ ಆದ್ರೆ?"

"ನಂಗೇನು, ಬೋಳಿಸೋಕೆ ಮಗನ ತಲೆ ಇದೆಯಾ? ಬಂದದ್ದು ಬರ್ಲಿ. ಕೂತು ಟೀ ಕುಡ್ಕೊಂಡು ಹೋಗ್ಲಿ."

ಎಯ್ ಮೋನ್ ಅಳುತ್ತಲೇ ನಗುತ್ತಾಳೆ. ದೋಣಿ ತಿರುಗುತ್ತದೆ.

ಸೀಲಕ್ಕನ ಕೋಣೆಯಲ್ಲಿ ಮಂಚದ ಕೆಳಗೆ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದಿದೆ. ಅದರ ತುಂಬ ಮೂಲೆ ಕತ್ತರಿಸಿದ ಪಾಸ್‌ಪೋರ್ಟುಗಳು. ಮುದ್ರೆ ಹೊಸದಕ್ಕೆ ಬಂದ ಮೇಲೂ ತುಂಡಾದದ್ದನ್ನು ಮನೆಯಲ್ಲಿಡಲು ಎಷ್ಟೋ ಜನಕ್ಕೆ ಹೆದರಿಕೆ. ಎಸೆಯಲು ಅದಕ್ಕಿಂತ ಹೆಚ್ಚಿನ ಹೆದರಿಕೆ, ಮುಂದೆ ಯಾರಾದರೂ ಕೇಳಿದರೆ? "ಅಕ್ಕ, ನಿಮ್ಮ ಹತ್ರ ಇರ್ಲಿ" ಎಂದು ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ಹೋದವರು ಮತ್ತೆ ಕೇಳುವುದಿಲ್ಲ. ಕೆಲವರು ಊರು ಸೇರಿದ್ದಾರೆ, ಕೆಲವರು ಬೇರೆ ದೇಶ ಸೇರಿದ್ದಾರೆ. ಅವರ ಯೌವನದ ಫೋಟೋಗಳೆಲ್ಲ ಇಲ್ಲಿವೆ. ಜೆ ಮುಯ್‌ಗೆ ಈ ಡಬ್ಬಿಯನ್ನು ಕಂಡರಾಗದು. "ಇಡೀ ಊರಿನ ದರಿದ್ರನೆಲ್ಲ ಮಂಚದ ಕೆಳಗಿಟ್ಕೊಂಡು ನಿದ್ದೆ ಹೆಂಗೆ ಮಾಡ್ತೀಯೆ?"

ಭಯವಾಗುವುದಿಲ್ಲವೇ ಎಂದರೆ ಸೀಲಕ್ಕ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚುತ್ತಾರೆ. "ಆಗಲ್ಲ ಅಂದ್ರೆ ಸುಳ್ಳಾಗತ್ತೆ. ನಾನೂ ಅದೇ ಕಡೆಯೋಳಲ್ವಾ. ಕಾಲು ಉಳುಕಿದ್ರೆ, ಯಾವ ಪಾಸ್‌ಪೋರ್ಟಿಂದಪ್ಪಾ ಇದು ಅನ್ಸತ್ತೆ. ಆದ್ರೆ ಎಲ್ಲಾದ್ರೂ ಒಂದು ಕಡೆ ಇರ್ಬೇಕಲ್ಲ ಅವು. ಮಕ್ಕಳಿರೋ ಮನೇಲಿ ಇರೋದಕ್ಕಿಂತ ಇಲ್ಲೇ ವಾಸಿ."

ಬುಧವಾರ ಬೆಳಿಗ್ಗೆ ಕಚೇರಿಯ ಕಿಟಕಿಯಲ್ಲಿ ವಿಪಾ ಎಂಬ ಅಧಿಕಾರಿ ಕೂತಿದ್ದಾರೆ. ಸೀಲಕ್ಕ ಅರ್ಜಿ ಕೊಡುತ್ತಾರೆ, ಹೊಸದು ಕೊಡುತ್ತಾರೆ, ಹಳೆಯದು ಕೊಡುತ್ತಾರೆ. ಚೀಲದೊಳಗೆ ತುದಿಯಲ್ಲಿ ನೀರು ಸೇರಿ ಅಂಚು ಉಬ್ಬಿದೆ, ಮುದ್ರೆಯ ಪುಟಗಳು ಮಾತ್ರ ಚೆನ್ನಾಗಿವೆ. ವಿಪಾ ಹಾಳೆ ತಿರುವುತ್ತಾರೆ. ಒಂದು ಇರುವೆ ಹೊರಬಂದು ಮೇಜಿನ ಮೇಲೆ ನಡೆಯುತ್ತದೆ.

"ಇದೇನು, ಬೆಲ್ಲದ ವಾಸನೆ? ಇದ್ಯಾಕೆ ಉಬ್ಬಿದೆ? ಕೆಲಸದ ಜಾಗದಲ್ಲಿ ನೀರು ಬಿತ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಹಿಂದೆ ನಿಂತ ಎಯ್ ಮೋನ್ ಸೀಲಕ್ಕನ ರವಿಕೆಯ ಚುಂಗು ಹಿಡಿದಿದ್ದಾಳೆ.

"ಇಲ್ಲ ಮೇಡಂ. ನದಿಗೆ ಬಿಟ್ಟಿದ್ದಳು. ಮಗನಿಗೆ ಜ್ವರ, ಕೆಟ್ಟದ್ದು ಹೋಗಲಿ ಅಂತ. ನೀವು ಹುಣ್ಣಿಮೆಗೆ ತೆಪ್ಪ ಬಿಡ್ತೀರಲ್ಲ, ಹಂಗೆ. ಹುಡುಕಿ ತಂದ್ವಿ."

ವಿಪಾ ಅವರ ಕೈ ನಿಲ್ಲುತ್ತದೆ. "ತಾನೇ ಬಿಟ್ಟಳಾ? ಹಂಗಾದ್ರೆ ಇದು ನಾನು ಒಬ್ಬಳೇ ಮಾಡೋ ಹಂಗಿಲ್ಲ." ಎರಡನ್ನೂ ಎತ್ತಿಕೊಂಡು ಒಳಗೆ, ಮೇಲಧಿಕಾರಿಯ ಕೋಣೆಗೆ ಹೋಗುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಹೊತ್ತು ಹೋಗುತ್ತದೆ. ಕಿಟಕಿಗಳು ಊಟಕ್ಕೆ ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ವ್ಯಾನಿನವನು ಫೋನು ಮಾಡಿ ಎಲ್ಲಿದ್ದೀ ಎಂದು ಕೇಳುತ್ತಾನೆ. ಎಯ್ ಮೋನ್ ಬಿಳಿ ಬಟ್ಟೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. "ನೀರು ಬಿತ್ತು ಅಂದುಬಿಡಬಹುದಿತ್ತು ಅಕ್ಕ" ಎನ್ನುತ್ತಾಳೆ, ದೂರುವ ದನಿಯಲ್ಲಲ್ಲ.

"ಅನ್ನಬಹುದಿತ್ತು" ಎನ್ನುತ್ತಾರೆ ಸೀಲಕ್ಕ. "ನಾಳೆ ಇನ್ನೊಬ್ಬಳನ್ನ ಕರ್ಕೊಂಡು ಇದೇ ಕಿಟಕಿಗೆ ಬರ್ಬೇಕು ನಾನು. ಅವರು ನನ್ನ ಮುಖ ನೋಡಿ ನಂಬೋದು. ಅದೊಂದು ಹೋದ್ರೆ ನನ್ನ ಹತ್ರ ಬೇರೆ ಏನಿದೆ ಹೇಳು." ಹಾಗೆಂದರೂ ಅವರ ಬೆರಳುಗಳು ಕುರ್ಚಿಯ ಅಂಚನ್ನು ಕೆರೆಯುತ್ತಲೇ ಇವೆ.

ಬಾಗಿಲು ತೆರೆಯುತ್ತದೆ. ವಿಪಾ ಬಂದು ಕೂರುತ್ತಾರೆ, ತುಟಿ ಕಚ್ಚಿ ಹಿಡಿದಿದ್ದಾರೆ. "ನಾವು ತೆಪ್ಪದಲ್ಲಿ ಉಗುರು ಬಿಡ್ತೀವಿ, ಕೂದಲು ಬಿಡ್ತೀವಿ. ಪಾಸ್‌ಪೋರ್ಟ್ ಬಿಟ್ಟೋರನ್ನ ಇವತ್ತೇ ನೋಡಿದ್ದು." ಆಮೇಲೆ ನಗು ತಡೆಯಲಾಗುವುದಿಲ್ಲ. "ಸಾಹೇಬ್ರು ಹೇಳಿದ್ರು, ಇನ್ಮೇಲೆ ಬಿಡೋದಾದ್ರೆ ಸೀಲು ಬದಲಾಯಿಸ್ಕೊಂಡ ಮೇಲೆ ಬಿಡೋಕೆ ಹೇಳು ಅಂತ."

ಹೊಸ ಪುಟದ ಮೇಲೆ ಮುದ್ರೆ ಬೀಳುತ್ತದೆ. ಇನ್ನೊಂದು. ಪಕ್ಕದ ಕಿಟಕಿಯಲ್ಲಿ ಹೋಗಿ ಬರುವ ಅನುಮತಿಯದು ಮತ್ತೊಂದು. ವಿಪಾ ಸಹಿ ಹಾಕಿ, ಎರಡೂ ಪಾಸ್‌ಪೋರ್ಟನ್ನು ಎಯ್ ಮೋನ್ ಕಡೆಗೆ ತಳ್ಳುತ್ತಾರೆ. ಅವಳ ಕೈ ಅರ್ಧದಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಸೀಲಕ್ಕ ಹಳೆಯದನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡಾಗಿದೆ. ಎಯ್ ಮೋನ್ ಹೊಸದನ್ನು ತೆಗೆದುಕೊಳ್ಳುತ್ತಾಳೆ. ಅಲ್ಲೇ, ಕಚೇರಿಯ ನೆಲದ ಮೇಲೆ, ಮೂರು ಸಲ ಬಗ್ಗಿ ಸೀಲಕ್ಕನಿಗೆ ನಮಸ್ಕಾರ ಮಾಡುತ್ತಾಳೆ.

"ಏಳೇ, ವ್ಯಾನು ಹೋಗತ್ತೆ!" ಎಂದು ಸೀಲಕ್ಕ ಗದರುತ್ತಾರೆ.

ಹುಣ್ಣಿಮೆಯ ದಿನ ಜೆ ಮುಯ್ ಅವರ ಫೋನಿಗೆ ಒಂದು ಫೋಟೋ ಬರುತ್ತದೆ. ಬೋಳಿಸುತ್ತಿರುವ ಪುಟ್ಟ ತಲೆ, ಅರ್ಧ ಕಪ್ಪು, ಅರ್ಧ ಬಿಳಿ. ಹುಡುಗ ಕಣ್ಣು ಬಿಗಿಯಾಗಿ ಮುಚ್ಚಿದ್ದಾನೆ. ಬಿಳಿ ಬಟ್ಟೆಯ ತುದಿಯಲ್ಲಿ ಎಯ್ ಮೋನ್, ಅಲಂಕಾರವೆಲ್ಲ ಕಣ್ಣೀರಿನಲ್ಲಿ ಕಲಸಿಹೋಗಿದೆ. ಸೀಲಕ್ಕ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡುತ್ತಾರೆ. "ಕಿವಿ ಅಮ್ಮಂದೇ" ಎನ್ನುತ್ತಾರೆ.

ಎಯ್ ಮೋನ್ ಹೇಳಿದ ದಿನಕ್ಕೆ ಸೇತುವೆ ದಾಟಿ ವಾಪಸು ಬಂದಿದ್ದಾಳೆ. ಮಗನಿಗೆ ಜ್ವರ ಬಂದಿಲ್ಲ. ಅವಳ ಚಿಂತೆ ಈಗ ಬೇರೆಯಾಗಿದೆ. ದಿನವೂ ಕಾರ್ಖಾನೆ ಬಿಟ್ಟ ಕೂಡಲೇ ಅಂಗಡಿಗೆ ಬರುತ್ತಾಳೆ, ಬರಲಾಗದಿದ್ದರೆ ಫೋನು ಮಾಡುತ್ತಾಳೆ. ಸೀಲಕ್ಕನಿಗೆ ತಲೆನೋವಾ, ಮೆಟ್ಟಿಲು ಜಾರಿತಾ, ಊಟ ಸೇರಿತಾ, ಏನಾದರೂ ಆಯಿತಾ ಎಂದು ವಿಚಾರಿಸುತ್ತಾಳೆ.

"ಏನಾದರೂ ಆಗಿದೆಯಾ?" ಎಂದು ಜೆ ಮುಯ್ ಕೂಡ ಈಗ ಕೇಳತೊಡಗಿದ್ದಾರೆ, ಅರ್ಧ ತಮಾಷೆಗೆ, ಅರ್ಧ ಹೆದರಿ.

ಸೀಲಕ್ಕ ಒಲೆಯಿಂದ ಟೀ ಇಳಿಸಿ, ಎರಡು ಲೋಟಕ್ಕೆ ಬಗ್ಗಿಸುತ್ತಾರೆ.

"ಆಗಿದೆ. ಚೆನ್ನಾಗಿದೀಯಾ ಅಂತ ದಿನಾ ಸಾಯಂಕಾಲ ಒಬ್ಬಳು ಬಂದು ಕೇಳ್ತಾಳೆ. ಈ ಊರಿಗೆ ಬಂದಾಗಿಂದ ಹಂಗೆ ಯಾರೂ ಕೇಳಿರ್ಲಿಲ್ಲ."